ಅಟ್ಟದ ಮೇಲಿನ ಆಂಟೆನಾ

ನಮ್ಮ ಕಡೆ ಅಟ್ಟವೆಂದರೆ ಹಳೆಯ ಸಾಮಾನು ಎಸೆಯುವ ಜಾಗವಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನ ತೋಟದ ಮನೆಗಳಲ್ಲಿ ಅಟ್ಟವೇ ಬ್ಯಾಂಕು. ಮರದಿಂದ ಇಳಿಸಿದ ಕಾಯನ್ನು ಸಿಪ್ಪೆ ಸಮೇತ ಅಲ್ಲಿಗೆ ಏರಿಸಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪನ್ನು ಬಿಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಗ ಅದು ಉಂಡೆ ಕೊಬ್ಬರಿ. ಮಗಳ ಮದುವೆ, ಮಗನ ಓದು, ಬೋರ್‌ವೆಲ್ ಸಾಲ ಎಲ್ಲವೂ ಆ ಕತ್ತಲೆಯಲ್ಲೇ ಒಣಗುತ್ತಿರುತ್ತದೆ.

2023ರ ಬೇಸಿಗೆಯಲ್ಲಿ ತುರುವೇಕೆರೆ ತಾಲ್ಲೂಕಿನ ನನ್ನ ತವರಿನಲ್ಲಿ ಹಾಗೆ ಕಾಯಿ ಇಳಿಸುತ್ತಿದ್ದರು. ರಾಶಿಯ ಹಿಂದಿನ ಮೂಲೆಯಿಂದ ಆಳೊಬ್ಬ ಉದ್ದನೆಯ ಅಲ್ಯೂಮಿನಿಯಂ ಕೋಲೊಂದನ್ನು ಎಳೆದ. ಅದಕ್ಕೆ ಅಡ್ಡಡ್ಡ ಕಡ್ಡಿಗಳು, ಒಂದೆರಡು ಮುರಿದಿದ್ದವು. ತಿಂದು ಬಿಸಾಡಿದ ದೊಡ್ಡ ಮೀನಿನ ಮೂಳೆಯ ಹಾಗೆ ಕಾಣುತ್ತಿತ್ತು. ಹುಡುಗನಿಗೆ ಇಪ್ಪತ್ತು ವರ್ಷವೂ ಇರಲಾರದು. "ಇದೇನಮ್ಮೋ, ಹಪ್ಪಳ ಒಣಗಾಕೋದಾ?" ಎಂದ. ಅಮ್ಮ ಕೆಳಗಿನಿಂದಲೇ, "ಟಿ.ವಿ. ಆಂಟೆನಾ ಕಣೋ. ಮಡಗು ಅಲ್ಲೇ, ಮತ್ತೆ ಬೇಕಾದೀತು" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದು ಹಿಡಿಯುತ್ತಿದ್ದ ಅಲೆಗಳೇ ಈಗ ಗಾಳಿಯಲ್ಲಿಲ್ಲ. ದೂರದರ್ಶನ ತನ್ನ ಹಳೆಯ ಪದ್ಧತಿಯ ಭೂಪ್ರಸಾರ ಕೇಂದ್ರಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದು 2022ರ ಹೊತ್ತಿಗೆ ಬಹುಪಾಲು ಮುಗಿಸಿತ್ತು. ಆದರೆ ಅಮ್ಮ ಹಾಗೆ ಹೇಳಿದ್ದಕ್ಕೆ ಬೇರೆ ಕಾರಣವಿತ್ತು. ಅದನ್ನು ಹೇಳುವ ಮೊದಲು ಆ ಮೀನಿನ ಮೂಳೆ ನಮ್ಮ ಮನೆಗೆ ಬಂದದ್ದು ಹೇಗೆಂದು ಹೇಳಬೇಕು.

ನಮ್ಮ ಜಿಲ್ಲೆ ತಮಾಷೆಗೆ, ನಾಟಕಕ್ಕೆ ಬಡವಾಗಿದ್ದ ಜಿಲ್ಲೆಯಲ್ಲ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಸಂಘ ಮುಂದೆ ವೀರಣ್ಣನವರ ಕೈಯಲ್ಲಿ ಇಡೀ ನಾಡನ್ನು ಸುತ್ತಿತು. ಕನ್ನಡ ಸಿನಿಮಾದಲ್ಲಿ ನಗು ಎಂದರೆ ನರಸಿಂಹರಾಜು ಎನ್ನುವಂತಿದ್ದವರು ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದವರು. "ನಮ್ಮೂರಿನೋನು" ಎಂದು ನಮ್ಮಪ್ಪ ಅವರ ಮಾತು ಬಂದಾಗಲೆಲ್ಲ ತೊಡೆ ತಟ್ಟಿ ಹೇಳುತ್ತಿದ್ದರು. ನಮ್ಮೂರಿಗೂ ತಿಪಟೂರಿಗೂ ಎಷ್ಟು ದೂರವೆಂದು ಆಗ ಯಾರೂ ಕೇಳಬಾರದು. ಆದರೆ ಇದೆಲ್ಲ ಮನೆಯ ಹೊರಗಿನ ಮಾತು. ನಾಟಕಕ್ಕೆ ಗಾಡಿ ಕಟ್ಟಬೇಕು, ಟೆಂಟ್ ಸಿನಿಮಾಕ್ಕೆ ಗಂಡಸರ ಜೊತೆ ಬೇಕು. ಹೆಂಗಸರ ಪಾಲಿಗೆ ಮನೆಯೊಳಗೆ ಇದ್ದದ್ದು ರೇಡಿಯೊ ಒಂದೇ. ಅದಕ್ಕೂ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಹಣ ಕಟ್ಟಬೇಕಿತ್ತು.

ಟಿ.ವಿ. ಈ ದೇಶಕ್ಕೆ ಬಂದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಕರ್ನಾಟಕದಲ್ಲಿ ಅದನ್ನು ಮೊದಲು ನೋಡಿದವರು ಬೆಂಗಳೂರಿನವರು ಎಂದು ನಾನೂ ಬಹಳ ಕಾಲ ತಿಳಿದಿದ್ದೆ, ಮಕ್ಕಳಿಗೂ ಹಾಗೇ ಹೇಳಿಕೊಟ್ಟಿದ್ದೆ. ಅದು ತಪ್ಪು. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತೋರಿಸಿದರು. ಸೈಟ್ ಎಂದು ಅದರ ಹೆಸರು. ನಮ್ಮ ರಾಜ್ಯದಲ್ಲಿ ಅದು ಹೋದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಬೆಂಗಳೂರಿನ ಶ್ರೀಮಂತರು ಟಿ.ವಿ. ಕಾಣುವ ಮೊದಲೇ ಆ ಬಿಸಿಲು ಸೀಮೆಯ ರೈತರು ಚಾವಡಿ ಮುಂದೆ ಕೂತು ಬೇಸಾಯ, ಆರೋಗ್ಯ, ಶಾಲೆಯ ಪಾಠಗಳನ್ನು ಕನ್ನಡದಲ್ಲಿ ನೋಡಿಬಿಟ್ಟಿದ್ದರು! ನನಗೆ ಈ ಸಂಗತಿ ಬಹಳ ಇಷ್ಟ. ಊರಿಗೆ ಒಂದು ಪೆಟ್ಟಿಗೆ, ಎಲ್ಲರಿಗೂ ಒಂದೇ ನೆಲ. ವರ್ಷ ತುಂಬಿದ ಮೇಲೆ ಉಪಗ್ರಹ ಹೊರಟುಹೋಯಿತು. ಗುಲ್ಬರ್ಗಕ್ಕೆ 1977ರಲ್ಲಿ ಪ್ರಸಾರ ಕೇಂದ್ರ ಬಂತು, ಬೆಂಗಳೂರಿಗೆ 1981ರ ನವೆಂಬರಿನಲ್ಲಿ. ಮರುವರ್ಷ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ಬಣ್ಣವೂ ಬಂತು.

ನಮ್ಮ ಮನೆಗೆ ಬಂದದ್ದು 1987ರಲ್ಲಿ, ಕಪ್ಪು ಬಿಳುಪು, ಮದರಾಸಿನ ಕಡೆ ತಯಾರಾದ ಡಯನೋರಾ. ಎರಡು ಕಡೆ ಎಳೆಯುವ ಬಾಗಿಲಿದ್ದ ಮರದ ಪೆಟ್ಟಿಗೆ. ಆ ವರ್ಷ ಕೊಬ್ಬರಿಗೆ ಒಳ್ಳೆಯ ಬೆಲೆ ಸಿಕ್ಕಿತ್ತು. ಅಪ್ಪ ತಿಪಟೂರಿನ ಹರಾಜಿಗೆ ಹೋದವರು ಚೀಲಗಳ ಬದಲು ಅದನ್ನು ಗಾಡಿಯಲ್ಲಿ ಹುಲ್ಲಿನ ಮೇಲೆ ಕೂರಿಸಿಕೊಂಡು ಬಂದರು. ನಾನಾಗ ತಿಪಟೂರಿನಲ್ಲಿ ಪಿ.ಯು.ಸಿ. ಓದುತ್ತಿದ್ದೆ, ಶನಿವಾರ ಊರಿಗೆ ಬರುತ್ತಿದ್ದೆ.

ಆಂಟೆನಾ ಏರಿಸಿದ್ದು ಒಂದು ದೊಡ್ಡ ಕಾರ್ಯ. ತೆಂಗಿನ ತೋಟದ ನಡುವೆ ಮನೆ ಕಟ್ಟಿದವರಿಗೆ ಅದರ ಕಷ್ಟ ಗೊತ್ತು. ನಮ್ಮ ತಿಪಟೂರು ಎತ್ತರದ ತಳಿಯ ಮರಗಳು ಅರವತ್ತು ಎಪ್ಪತ್ತು ಅಡಿ ಬೆಳೆಯುತ್ತವೆ. ಬೆಂಗಳೂರಿನ ಕಡೆಯಿಂದ ಬರುವ ಅಲೆ ಈ ಗರಿಗಳ ಗೋಡೆ ದಾಟಿ ಬರಬೇಕು. ಜಿ.ಐ. ಪೈಪಿಗೆ ಪೈಪು ಸೇರಿಸಿದರೂ ಸಾಲದೆ ಕಡೆಗೆ ಮನೆ ಹಿಂದಿನ ಮರದ ಸುಳಿಯ ಕೆಳಗೇ ಕಟ್ಟಿಸಿದರು. ಕಾಯಿ ಕೀಳುವವನು ಮೇಲೆ, ಅಣ್ಣ ಅಂಗಳದಲ್ಲಿ, ಅಮ್ಮ ಬಾಗಿಲಲ್ಲಿ, ನಾನು ಟಿ.ವಿ. ಮುಂದೆ. "ಬಂತಾ?" "ಬಂತು, ಬಂತು... ಹೋಯ್ತು." "ಈಗ?" "ಮುಖ ಬಂತು, ಮಾತಿಲ್ಲ." ನೀವೂ ಇದನ್ನೆಲ್ಲ ಮಾಡಿರುತ್ತೀರಿ, ಹೆಚ್ಚು ಹೇಳುವುದಿಲ್ಲ. ಗಾಳಿ ಬೀಸಿದರೆ ಮರ ತೂಗುತ್ತಿತ್ತು, ಮರದ ಜೊತೆ ರಾಜೀವ್ ಗಾಂಧಿಯವರೂ ತೂಗುತ್ತಿದ್ದರು.

1987ರ ಜನವರಿ 25ರಂದು ಶುರುವಾದ ರಾಮಾಯಣ 1988ರ ಜುಲೈ ಕೊನೆಯವರೆಗೆ ನಡೆಯಿತು. ಭಾನುವಾರ ಬೆಳಿಗ್ಗೆ ನಮ್ಮ ನಡುಮನೆ ದೇವಸ್ಥಾನವಾಗುತ್ತಿತ್ತು. ಅಮ್ಮ ಟಿ.ವಿ.ಗೆ ಅರಿಶಿನ ಕುಂಕುಮ ಇಟ್ಟು ಹೂವು ಏರಿಸುತ್ತಿದ್ದಳು. ಹಿಂದಿ ಒಬ್ಬರಿಗೂ ಬಾರದು, ಆದರೆ ಹರಿಕಥೆ ಕೇಳಿ ಬೆಳೆದ ಊರಿಗೆ ರಾಮನ ಕಥೆಗೆ ಭಾಷೆ ಬೇಕಿರಲಿಲ್ಲ. "ಈಗ ಮಂಥರೆ ಬರ್ತಾಳೆ ನೋಡು" ಎಂದು ಮುದುಕಿಯರು ಮೊದಲೇ ಹೇಳುತ್ತಿದ್ದರು.

ಯಾರು ಎಲ್ಲಿ ಕೂರಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕುರ್ಚಿಯಲ್ಲಿ ಅಪ್ಪ ಮತ್ತು ಊರಿನ ಹಿರಿಯರು. ಚಾಪೆಯ ಮೇಲೆ ನಮ್ಮವರ ಹೆಂಗಸರು. ಹಜಾರದಲ್ಲಿ ಬೇರೆಯವರು. ಕೇರಿಯವರು ಅಂಗಳದಲ್ಲಿ, ಕಿಟಕಿಯ ಆಚೆ. ಕಾಯಿ ಸುಲಿಯುವವನ ಮಗಳು ನನ್ನ ಓರಗೆಯವಳು. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಒಂದೇ ಬೆಂಚು. ಅವಳು ಅಲ್ಲಿಗೇ ಬಿಟ್ಟಳು, ನಾನು ಮುಂದೆ ಓದಿದೆ. ಆ ಕಿಟಕಿಯ ಸರಳು ಹಿಡಿದು ನಿಂತು ಅವಳು ರಾಮಾಯಣ ನೋಡುತ್ತಿದ್ದಳು. ಅವಳ ಬೆರಳುಗಳು ಮಾತ್ರ ಒಳಗಿರುತ್ತಿದ್ದವು.

ಒಂದು ಭಾನುವಾರ, ಮುಂಗಾರಿನ ದಿನಗಳು, ಜೋರು ಮಳೆ ಹಿಡಿಯಿತು. "ಎರಚಲು ಟಿ.ವಿ. ಮೇಲೆ ಬೀಳ್ತೈತೆ, ಕಿಟಕಿ ಹಾಕು" ಎಂದು ಅಮ್ಮ ಹೇಳಿದಳು. ಕಿಟಕಿಯ ಹತ್ತಿರ ಕೂತವಳು ನಾನು. ಎದ್ದು ಹಾಕಿದೆ. ಬೆರಳು ಸಿಕ್ಕೀತೆಂದು ಒಂದು ಕ್ಷಣ ತಡೆದೆ, ಅವಳು ತೆಗೆದುಕೊಂಡಳು, ಹಾಕಿದೆ. ಅಷ್ಟೇ. ಒಳಗೆ ಬಾ ಎನ್ನುವುದು ನನಗೆ ಆಗ ಹೊಳೆಯಲೂ ಇಲ್ಲ. ಹೊಳೆದು ಹೇಳದೆ ಇದ್ದಿದ್ದರೆ ಬೇರೆ ಮಾತು. ಮುಂದಿನ ಭಾನುವಾರ ಅವಳು ಮತ್ತೆ ಬಂದಿದ್ದಳು. ಮಹಾಭಾರತ ಶುರುವಾಗುವ ಹೊತ್ತಿಗೆ, ಅಂದರೆ 1988ರ ಅಕ್ಟೋಬರಿಗೆ, ಅವಳಿಗೆ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು.

ಮದುವೆಯಾಗಿ ನಾನು ತಿಪಟೂರು ಸೇರಿದ್ದು 1993ರಲ್ಲಿ. ಅಷ್ಟರಲ್ಲಿ ಕೇಬಲ್ಲಿನ ಕಾಲ ಬಂದಿತ್ತು. 1991ರಲ್ಲಿ ಕೊಲ್ಲಿ ಯುದ್ಧವನ್ನು ದೊಡ್ಡ ಊರಿನ ಹೋಟೆಲುಗಳಲ್ಲಿ ಕೂತು ಜನ ಕಣ್ಣಾರೆ ನೋಡಿದರು, ಅದೇ ವರ್ಷ ಸ್ಟಾರ್ ಬಂತು, ಮರುವರ್ಷ ಅಕ್ಟೋಬರ್ 2ಕ್ಕೆ ಜೀ ಬಂತು ಎಂದೆಲ್ಲ ಈಗ ಓದಿ ಹೇಳಬಲ್ಲೆ. ನಮ್ಮ ಬೀದಿಯ ಮಟ್ಟಿಗೆ ಕೇಬಲ್ ಎಂದರೆ ವಿ.ಸಿ.ಆರ್. ಬಾಡಿಗೆಗೆ ಕೊಡುತ್ತಿದ್ದ ಹುಡುಗ ತನ್ನ ಮನೆಯ ಮಾಳಿಗೆಯ ಮೇಲೆ ನೀರಾವರಿ ಬಾಣಲೆಯಷ್ಟು ದೊಡ್ಡ ತಟ್ಟೆ ಇಟ್ಟದ್ದು. ಅಲ್ಲಿಂದ ಕಪ್ಪು ತಂತಿ ಹೊರಟು ಕಂಬ, ಮಾಳಿಗೆ, ತೆಂಗಿನ ಮರ, ಮತ್ತೆ ತೆಂಗಿನ ಮರ, ಹೀಗೆ ಊರು ತುಂಬಿತು. ಈ ವ್ಯಾಪಾರಕ್ಕೊಂದು ಕಾನೂನು ಬಂದದ್ದೇ 1995ರಲ್ಲಿ. ಅಲ್ಲಿಯವರೆಗೆ ತಂತಿ ಎಳೆದವನದೇ ರಾಜ್ಯ.

ರಾತ್ರಿ ಹತ್ತರ ಮೇಲೆ ಅವನೇ ಒಂದು ಕ್ಯಾಸೆಟ್ಟು ಹಾಕಿ ಸಿನಿಮಾ ಬಿಡುತ್ತಿದ್ದ. ಯಾವುದು ಬೇಕೆಂದು ಹೆಂಗಸರು ಬೆಳಿಗ್ಗೆ ತರಕಾರಿ ಅಂಗಡಿಯಲ್ಲಿ ಅವನನ್ನು ಹಿಡಿದು ಹೇಳಿದರೆ ರಾತ್ರಿ ಬರುತ್ತಿತ್ತು. ಈಗ ಬೇಕಾದ್ದನ್ನು ಬೇಕಾದಾಗ ನೋಡುವುದು ಹೊಸ ವಿದ್ಯೆ ಎಂದು ಮಕ್ಕಳು ಹೇಳುವಾಗ ನನಗೆ ಆ ತರಕಾರಿ ಅಂಗಡಿ ನೆನಪಾಗುತ್ತದೆ. ಗರಿ ಬಿದ್ದು ತಂತಿ ಹರಿದರೆ ಅವನು ಏಣಿ ಹೊತ್ತು ಬರುತ್ತಿದ್ದ. ಅಳಿಲು ಕಡಿದರೂ ಅವನೇ. ತಿಂಗಳ ಹಣಕ್ಕೆ ಬಂದಾಗ ಜಗಲಿಯಲ್ಲಿ ಕೂತು ಮನೆಯವರ ಆರೋಗ್ಯ ವಿಚಾರಿಸಿ ಕಾಫಿ ಕುಡಿದು ಹೋಗುತ್ತಿದ್ದ.

1994ರ ಜೂನ್ 1ರಂದು ಉದಯ ಬಂತು. ಅದಕ್ಕೆ ಮೊದಲು ಕನ್ನಡವೆಂದರೆ ದೂರದರ್ಶನ ಅಳೆದು ಕೊಟ್ಟಷ್ಟು. ವಾರಕ್ಕೊಂದು ಸಿನಿಮಾ, ಚಿತ್ರಮಂಜರಿಯ ನಾಲ್ಕು ಹಾಡು, ಅಪರೂಪಕ್ಕೆ 'ಸಿಹಿ ಕಹಿ', 'ಗುಡ್ಡದ ಭೂತ'ದಂಥ ಧಾರಾವಾಹಿ. ಈಗ ಇಡೀ ದಿನ ಕನ್ನಡ. ನರಸಿಂಹರಾಜು ತೀರಿಕೊಂಡು ಹದಿನೈದು ವರ್ಷವಾಗಿತ್ತು, ಮಧ್ಯಾಹ್ನದ ಹೊತ್ತು ಅವರೂರಿನ ಮನೆಮನೆಯಲ್ಲಿ ಅವರು ಓಡಾಡತೊಡಗಿದರು. ಹಾಗೆಂದು ದೂರದರ್ಶನ ಸೋತಿತೆನ್ನಬೇಡಿ. 1998ರಲ್ಲಿ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಬಂದದ್ದು ಅಲ್ಲೇ. ಶಾಲೆಯ ಗಂಟೆ ಹೊಡೆಯುವ ಮೊದಲೇ ನಾವು ಮೂವರು ಶಿಕ್ಷಕಿಯರ ಚೀಲಗಳು ಹೆಗಲಿಗೇರಿರುತ್ತಿದ್ದವು. ಮುಖ್ಯೋಪಾಧ್ಯಾಯರು ನೋಡಿಯೂ ನೋಡದಂತಿದ್ದರು. ಅವರ ಮನೆಯಲ್ಲೂ ಟಿ.ವಿ. ಇತ್ತು. 2000ದ ಜುಲೈ 30ರ ರಾತ್ರಿ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ವೀರಪ್ಪನ್ ಕರೆದೊಯ್ದಾಗ, ಆಮೇಲಿನ ನೂರೆಂಟು ದಿನ, ಅಡಿಗೆ ಮಾಡುತ್ತ ಒಂದು ಕಿವಿ ಟಿ.ವಿ. ಕಡೆ ಇಡದ ಹೆಂಗಸು ನಮ್ಮ ಬೀದಿಯಲ್ಲಿರಲಿಲ್ಲ. ಆ ಡಿಸೆಂಬರಿನಲ್ಲಿ ಈಟಿವಿ ಬಂತು, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ. ಅಲ್ಲಿಂದಾಚೆಗೆ ಸೊಸೆಯಂದಿರು ರಾತ್ರಿ ಮಲಗುವಾಗಲೂ ರೇಷ್ಮೆ ಸೀರೆ ಉಡತೊಡಗಿದರು. ಆ ವಿಷಯಕ್ಕೆ ಹೋಗುವುದಿಲ್ಲ, ಹೋದರೆ ಮುಗಿಯದು.

ಹೇಳಬೇಕಾದ್ದು ಬೇರೆ. ನನ್ನ ತವರಿಗೂ ಕೇಬಲ್ ತಂತಿ ಹೋಯಿತು, ಹಾಗೆ ಹೋದದ್ದು ನಮ್ಮ ಮನೆಗೆ ಬಂದು ನಿಲ್ಲಲಿಲ್ಲ. ಅದೇ ತಂತಿ ಮುಂದೆ ಕೇರಿಗೂ ಹೋಯಿತು. ಗಂಡ ತೀರಿಕೊಂಡ ಮೇಲೆ ನನ್ನ ಓರಗೆಯವಳು ಮಗಳ ಕೈ ಹಿಡಿದು ಊರಿಗೆ ವಾಪಸು ಬಂದು ನಮ್ಮ ತೋಟದ ಬೇಲಿಯ ಆಚೆ ಎರಡಂಕಣದ ಮನೆ ಕಟ್ಟಿಕೊಂಡಿದ್ದಳು. ಕಾಯಿ ಸುಲಿದ ದುಡ್ಡಲ್ಲಿ ಬಣ್ಣದ ಟಿ.ವಿ. ತಂದಳು. ಅಪ್ಪನೂ ಅವಳೂ ಒಬ್ಬನೇ ಹುಡುಗನಿಗೆ ಒಂದೇ ಮೊತ್ತ ಕೊಡುತ್ತಿದ್ದರು, ಒಂದೇ ಹೊತ್ತಿಗೆ ಒಂದೇ ಧಾರಾವಾಹಿ ನೋಡುತ್ತಿದ್ದರು. ಇದೇನು ದೊಡ್ಡ ಸಮಾನತೆಯೆಂದು ನೀವು ಕೇಳಬಹುದು. ದೊಡ್ಡದಲ್ಲ. ಆದರೆ ಆಮೇಲೆ ಕಿಟಕಿಯಲ್ಲಿ ಯಾರೂ ನಿಲ್ಲಲಿಲ್ಲ. ಬೆಳಿಗ್ಗೆ ಸುಲಿಯುವ ಕಣದಲ್ಲಿ ಅಮ್ಮನೂ ಅವಳೂ ನಿನ್ನೆಯ ಕಂತಿನ ಅತ್ತೆಯನ್ನು ಒಟ್ಟಿಗೆ ಬೈಯುವುದನ್ನು ನಾನೇ ಕೇಳಿದ್ದೇನೆ.

ಮಧ್ಯದ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಮನೆಮನೆಗೆ ಪುಟ್ಟ ತಟ್ಟೆಗಳು ಬಂದವು. 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೂ ತಟ್ಟೆಗೂ ನಡುವೆ ಒಂದು ತೆಂಗಿನ ಗರಿ ಬಂದರೆ ಸಾಕು, ಚಿತ್ರ ಚೂರುಚೂರು. ನಮ್ಮ ಸೀಮೆಯಲ್ಲಿ ತಂತಿ ಬಹಳ ದಿನ ಉಳಿದದ್ದಕ್ಕೆ ಈ ಗರಿಗಳೂ ಒಂದು ಕಾರಣವೆಂದು ನನ್ನ ಊಹೆ. 2012ರಿಂದ ಹಂತಹಂತವಾಗಿ ಎಲ್ಲರ ಮನೆಗೂ ಸೆಟ್‌ಟಾಪ್ ಪೆಟ್ಟಿಗೆ ಕಡ್ಡಾಯವಾಯಿತು. ಹಳ್ಳಿಗಳ ಸರದಿ ಮುಗಿದದ್ದು 2017ರಲ್ಲಿ. 2019ರ ಫೆಬ್ರವರಿ 1ರಿಂದ ಹೊಸ ದರಪಟ್ಟಿ. ನೂರು ಚಾನೆಲ್‌ಗಳ ದಾರಿಗೆ 130 ರೂಪಾಯಿ, ಅದರ ಮೇಲೆ ತೆರಿಗೆ, ಆಮೇಲೆ ಒಂದೊಂದು ಚಾನೆಲ್ಲಿಗೂ ಅದರದರ ಬೆಲೆ. ಅಮ್ಮ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಂತೆ ಒಂದೊಂದನ್ನೂ ಕೇಳಿ ಆರಿಸಿದಳು. ಕ್ರೀಡೆಯನ್ನೂ ಇಂಗ್ಲಿಷನ್ನೂ ತಳ್ಳಿಹಾಕಿದಳು.

ಅಷ್ಟು ಹೊತ್ತಿಗೆ ಕೆಳಗಿನಿಂದ ಇನ್ನೊಂದು ನೀರು ಬಂದಾಗಿತ್ತು. 2015ರಲ್ಲಿ ಹಾಟ್‌ಸ್ಟಾರ್, 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ವರ್ಷದ ಕೊನೆಗೆ ಅಮೆಜಾನ್ ಪ್ರೈಮ್. ಇವೆಲ್ಲ ನಮಗೆ ಪೇಪರಿನ ಸುದ್ದಿಯಾಗಿಯೇ ಉಳಿಯುತ್ತಿದ್ದವು, 2016ರ ಸೆಪ್ಟೆಂಬರ್ 5ರಂದು ಜಿಯೊ ಬರದೆ ಇದ್ದಿದ್ದರೆ. ಅಂದು ಶಿಕ್ಷಕರ ದಿನಾಚರಣೆ, ಅದಕ್ಕೇ ತಾರೀಖು ನೆನಪಿದೆ. ಮೊದಲ ತಿಂಗಳುಗಳಲ್ಲಿ ಪುಕ್ಕಟೆ, ಆಮೇಲೆ ಅಗ್ಗ. ತೋಟಕ್ಕೆ ನೀರು ಹಾಯಿಸಲು ಹೋದ ಹುಡುಗರು ಪಂಪ್‌ಹೌಸಿನ ಮುಂದೆ ಕೂತು ಸಿನಿಮಾ ನೋಡತೊಡಗಿದರು. ಟಿ.ವಿ.ಯ ಹಿಂದೆ ಚುಚ್ಚುವ ಕಡ್ಡಿಗಳು ಬಂದವು, ಆಮೇಲೆ ಕಡ್ಡಿಯೂ ಬೇಡದ ಸ್ಮಾರ್ಟ್ ಟಿ.ವಿ.ಗಳು.

ಕೇಬಲ್ಲಿಗೂ ಇದಕ್ಕೂ ಏನು ವ್ಯತ್ಯಾಸವೆಂದು ಅಮ್ಮ ಒಮ್ಮೆ ಕೇಳಿದಳು. ನಾನು ಮೇಷ್ಟ್ರಮ್ಮ ಅಲ್ಲವೆ, ಉದಾಹರಣೆ ಕೊಟ್ಟೆ. ಕೇಬಲ್ ಎಂದರೆ ಹೇಮಾವತಿ ನಾಲೆ. ನೀನು ತೂಬು ತೆಗೆದರೂ ತೆಗೆಯದಿದ್ದರೂ ಎಲ್ಲ ಚಾನೆಲ್ಲೂ ಮನೆ ಮುಂದೆ ಹರಿಯುತ್ತಲೇ ಇರುತ್ತದೆ. ಇದು ಬೋರ್‌ವೆಲ್. ನೀನು ಗುಂಡಿ ಒತ್ತಿದರೆ ನಿನಗೊಬ್ಬಳಿಗೇ ಎತ್ತಿ ಕೊಡುತ್ತದೆ, ಅದೂ ಕೆಲವು ಸೆಕೆಂಡಿನಷ್ಟು ಚಿತ್ರವನ್ನು ಒಂದೊಂದು ಬಿಂದಿಗೆಯಲ್ಲಿ. ಬಿಂದಿಗೆ ಬರುವುದು ತಡವಾದರೆ ತೆರೆಯ ಮೇಲೆ ಚಕ್ರ ಸುತ್ತುತ್ತದೆ. ಅಮ್ಮ ಯೋಚಿಸಿ, "ನಾಲೆ ನೀರು ಬಂದಾಗ ಊರೋರೆಲ್ಲ ಬದುವಿನ ಮೇಲೆ ಸಿಗ್ತಾರೆ. ಬೋರು ಹಾಕಿಸ್ಕಂಡ ಮೇಲೆ ಯಾರ ಮುಖ ಯಾರು ನೋಡ್ತಾರೆ?" ಎಂದಳು.

2020ರ ಮಾರ್ಚಿನಲ್ಲಿ ಎಲ್ಲ ನಿಂತಿತು. ದೂರದರ್ಶನ ಮಾರ್ಚ್ 28ರಿಂದ ಅದೇ ಹಳೆಯ ರಾಮಾಯಣವನ್ನು ಮತ್ತೆ ಹಾಕಿತು. ಮೇ ತಿಂಗಳಲ್ಲಿ ಇನ್ನೊಂದು ಹೊಸ ಮಹಾಭಾರತ ಸುವರ್ಣದಲ್ಲಿ ಕನ್ನಡ ಮಾತನಾಡಿಕೊಂಡು ಬಂತು. ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ನಡೆದ ಜಗಳ ಯಾರಿಗೂ ನೆನಪಿಲ್ಲದಂತೆ ಜನ ನೋಡಿದರು. ಜುಲೈ 17ರಂದು 'ಲಾ' ಎಂಬ ಕನ್ನಡ ಚಿತ್ರ ಥಿಯೇಟರನ್ನು ಕಾಣದೆ ನೇರವಾಗಿ ಪ್ರೈಮ್‌ಗೆ ಬಂತು. ಪುನೀತ್ ಅವರ ಸಂಸ್ಥೆಯದು.

ನಾನು ಆ ಸಿನಿಮಾ ನೋಡಲಿಲ್ಲ, ಪುರುಸೊತ್ತಿರಲಿಲ್ಲ. ನನ್ನ ಕೈಯಲ್ಲಿ ಮಕ್ಕಳ ಪಟ್ಟಿ ಇತ್ತು. ಯಾರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಯಾರಲ್ಲಿ ಬರೀ ಗುಂಡಿ ಫೋನು, ಯಾರಲ್ಲಿ ಟಿ.ವಿ., ಯಾರಲ್ಲಿ ಏನೂ ಇಲ್ಲ. ಅಂಥ ಪಟ್ಟಿ ಮಾಡುವಾಗ ನನಗೆ ನಮ್ಮ ನಡುಮನೆಯೇ ಕಂಡಿತು: ಕುರ್ಚಿ, ಚಾಪೆ, ಹಜಾರ, ಅಂಗಳ. ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠಗಳು, ಆಮೇಲೆ ಸಂವೇದ ಪಾಠಗಳು ಬಂದವು. ಫೋನಿಲ್ಲದ ಮಕ್ಕಳಿಗೆ ಅದೇ ಆಸರೆ. ಆಗಸ್ಟಿನಿಂದ ವಿದ್ಯಾಗಮವೆಂದು ನಾವೇ ಹಳ್ಳಿಗಳಿಗೆ ಹೋಗಿ ಗುಡಿಯ ಜಗಲಿ, ತೆಂಗಿನ ತೋಟದ ನೆರಳಲ್ಲಿ ಪಾಠ ಮಾಡಿದೆವು, ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ಒಂದು ಹುಡುಗಿಯ ಮನೆಯಲ್ಲಿ ಕೇಬಲ್ ತೆಗೆಸಿ ಅಣ್ಣನಿಗೆ ಫೋನ್ ಕೊಡಿಸಿದ್ದರು. ಫೋನು ಅಣ್ಣನ ಜೇಬಿನಲ್ಲಿ. ಟಿ.ವಿ. ಗೋಡೆಗೆ ಮುಖ ಮಾಡಿ ಕೂತಿತ್ತು. ಅವಳು ಪಕ್ಕದ ಮನೆಯ ಕಿಟಕಿಯಲ್ಲಿ ನಿಂತು ಸಮಾಜದ ಪಾಠ ಕೇಳಿ ನೋಟ್ಸು ಬರೆದುಕೊಂಡಿದ್ದಳು. ಸರಳಿನ ಮೇಲೆ ಪುಸ್ತಕ ಇಟ್ಟು ಬರೆದ ಅಕ್ಷರ ಸೊಟ್ಟಗಿರುತ್ತದೆ. ನಾನು ಆ ಪುಸ್ತಕಕ್ಕೆ ಸಹಿ ಹಾಕುವಾಗ ಏನೂ ಮಾತಾಡಲಾಗಲಿಲ್ಲ.

ಇಷ್ಟಾದರೂ ಬುದ್ಧಿ ಬರಲಿಲ್ಲವೆನ್ನುವುದಕ್ಕೆ ಮುಂದಿನದೇ ಸಾಕ್ಷಿ. 2022ರ ದೀಪಾವಳಿಗೆ ಬೆಂಗಳೂರಿನಿಂದ ಬಂದ ಅಣ್ಣ, ಅಪ್ಪನಿಲ್ಲದ ಮನೆಯಲ್ಲಿ ಎಂಬತ್ತು ದಾಟಿದ ಅಮ್ಮ ಒಬ್ಬಳೇ ಇರುತ್ತಾಳೆಂದು ಫೈಬರ್ ಇಂಟರ್‌ನೆಟ್ ಹಾಕಿಸಿದ. ಹಜಾರಕ್ಕೆ ಕ್ಯಾಮೆರಾ, ಗೋಡೆಗೆ ಐವತ್ತು ಇಂಚಿನ ಟಿ.ವಿ. "ಇನ್ನು ಕೇಬಲ್ಲಿಗೆ ತಿಂಗಳು ತಿಂಗಳು ದುಡ್ಡು ಯಾಕೆ?" ಎಂದ. ಕೊಬ್ಬರಿ ಬೆಲೆ ಬೀಳತೊಡಗಿದ್ದ ಕಾಲ. 2023ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಎಂದು ಸರ್ಕಾರ ಹೇಳಿದರೂ ಮಾರುಕಟ್ಟೆ ಅದರ ಹತ್ತಿರವೂ ಬರಲಿಲ್ಲ. ಲೆಕ್ಕ ಸರಿ ಎಂದು ನಾನೂ ತಲೆಯಾಡಿಸಿದೆ. ಕೇಬಲ್ ತೆಗೆಸಿದೆವು. ಆ ಹುಡುಗ, ಈಗ ಅವನೂ ಐವತ್ತರವನು, ತಂತಿ ಸುತ್ತಿಕೊಂಡು ಹೋಗುವಾಗ ಕಾಫಿ ಬೇಡವೆಂದ.

ಅಮ್ಮನ ಜೀವ ಇದ್ದದ್ದು ಉಮಾಶ್ರೀ ಅವರ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ. "ಎಲ್ಲ ಇದರಲ್ಲೇ ಬರುತ್ತೆ" ಎಂದು ಅಣ್ಣ ತೋರಿಸಿಕೊಟ್ಟ. ಬರುತ್ತದೆ ನಿಜ. ಜೀ ಕನ್ನಡದ್ದು ಒಂದು ಆ್ಯಪಿನಲ್ಲಿ, ಉದಯದ್ದು ಇನ್ನೊಂದರಲ್ಲಿ, ಸುವರ್ಣದ್ದು ಮತ್ತೊಂದರಲ್ಲಿ. ಕಲರ್ಸ್ ಕನ್ನಡದ್ದು ಆಗ ವೂಟ್‌ನಲ್ಲಿತ್ತು, ಮರುವರ್ಷ ಜಿಯೊಸಿನಿಮಾಕ್ಕೆ ಹೋಯಿತು, 2025ರ ಫೆಬ್ರವರಿಯಲ್ಲಿ ಅದೂ ಹಾಟ್‌ಸ್ಟಾರೂ ಕೂಡಿ ಜಿಯೊಹಾಟ್‌ಸ್ಟಾರ್ ಆಯಿತು. ವರ್ಷಕ್ಕೊಮ್ಮೆ ಮನೆ ಬದಲಿಸುವ ಬಾಡಿಗೆದಾರರ ಹಾಗೆ. ಒಂದೊಂದಕ್ಕೂ ಒಂದೊಂದು ಚಂದಾ, ಒಂದೊಂದು ಗುಪ್ತಪದ. ಪರದೆ ತುಂಬ ಇಂಗ್ಲಿಷ್ ಅಕ್ಷರ. ರಿಮೋಟಿನಲ್ಲಿ ಮೈಕಿನ ಗುಂಡಿ ಒತ್ತಿ ಮಾತಾಡು ಎಂದರೆ, ಅಮ್ಮ ದೇವರಿಗೆ ಕೈಮುಗಿದಂತೆ ಹಿಡಿದುಕೊಂಡು, "ಪುಟ್ಟಕ್ಕುಂದು ಹಾಕವ್ವ" ಎಂದಳು. ಅದು ಪುಟ್ಟ ಮಕ್ಕಳ ಇಂಗ್ಲಿಷ್ ಹಾಡು ಹಾಕಿತು.

ನಾಲ್ಕು ದಿನ ಫೋನಿನಲ್ಲಿ ಹೇಳಿಕೊಟ್ಟೆ. ಐದನೆಯ ದಿನದಿಂದ ಅವಳು ಕೇಳಲಿಲ್ಲ. ಕಲಿತಳೆಂದು ತಿಳಿದೆವು. ಕೊಬ್ಬರಿ ಇಳಿಸಿದ ಆ ದಿನ ಅಟ್ಟದ ಆಂಟೆನಾ ಮಡಗಿಸಿದ ಅಮ್ಮ, ಸಂಜೆ ದೀಪ ಹಚ್ಚಿ, ಕೋಲು ಹಿಡಿದು, ಟಾರ್ಚು ಸೊಂಟಕ್ಕೆ ಸಿಕ್ಕಿಸಿ ಹಿತ್ತಿಲ ಬಾಗಿಲಿಂದ ಹೊರಟಳು. ಎಲ್ಲಿಗೆಂದು ಕೇಳಿದರೆ, "ಇಲ್ಲೇ" ಎಂದಳು. ಅಣ್ಣನ ಕ್ಯಾಮೆರಾ ಹಜಾರವನ್ನು ಮಾತ್ರ ನೋಡುತ್ತದೆ, ಹಿತ್ತಿಲನ್ನು ನೋಡುವುದಿಲ್ಲ. ಆರು ತಿಂಗಳಿಂದ ಹೀಗೇ ಹೋಗುತ್ತಿದ್ದಾಳೆಂದು ಕಾಯಿ ಇಳಿಸಿದ ಹುಡುಗ ಹೇಳಿದ.

ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ತೋಟದ ಬೇಲಿ ದಾಟಿದರೆ ಎರಡಂಕಣದ ಮನೆ. ಕಿಟಕಿಯಿಂದ ನೀಲಿ ಬೆಳಕು ಬರುತ್ತಿತ್ತು. ಅಲ್ಲೇ ನಿಂತು ನೋಡಿದೆ. ಅಮ್ಮನಿಗೆ ಕುರ್ಚಿ ಹಾಕಿದ್ದರು. ಅವಳು ಕುರ್ಚಿ ಬಿಟ್ಟು ನೆಲದ ಮೇಲೆ ಚಾಪೆಯಲ್ಲಿ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ನನ್ನ ಓರಗೆಯವಳು ಗೋಡೆಗೆ ಒರಗಿ ಕೂತು ನಾಳೆಯ ಹುರುಳಿಕಾಳು ಆರಿಸುತ್ತಿದ್ದಳು. ಇಬ್ಬರ ನಡುವೆ ಎರಡು ಸ್ಟೀಲ್ ಲೋಟ, ಎರಡೂ ಖಾಲಿ. ತಂತಿ ಇನ್ನೂ ಇದ್ದದ್ದು ಆ ಮನೆಗೆ.

ಎಷ್ಟು ಹೊತ್ತು ನಿಂತೆನೋ. ಜಾಹೀರಾತು ಬಂದಾಗ ಅವಳು ತಲೆಯೆತ್ತಿದಳು. ಕಿಟಕಿಯ ಸರಳು ಹಿಡಿದ ನನ್ನ ಕೈ ಕಂಡಿತು.

"ಯಾಕಕ್ಕ ಅಲ್ಲೇ ನಿಂತೆ? ಒಳಕ್ಕೆ ಬಾ" ಎಂದಳು.

ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವಳು ಮೊರವನ್ನು ಆಚೆ ಸರಿಸಿ ಜಾಗ ಮಾಡಿದಳು. ಕೂತವಳು ಏನೋ ಹೇಳಬೇಕೆಂದು ಬಾಯಿ ತೆರೆದೆ. ಮಳೆ ಬಂದ ಆ ಭಾನುವಾರದ ಮಾತೇ ಅದು. ಅಷ್ಟರಲ್ಲಿ ಅಮ್ಮ ಟಿ.ವಿ.ಯಿಂದ ಕಣ್ಣು ತೆಗೆಯದೆ, "ಸುಮ್ಕಿರೇ, ಶುರುವಾಯ್ತು" ಎಂದಳು.